ಸಯಾಟಿಕಾ: ನೋವು ಎಲ್ಲಿದೆ ಎಂದು ಮೊದಲು ನೋಡಿ

1. ಮೂಲ ಹುಡುಕಿ. ಪಿರ್ರೆಯಿಂದ ಮೀನಖಂಡದವರೆಗೆ ಕರೆಂಟ್ ಹೊಡೆದಂತಾಗುತ್ತದೆ, ಪಾದ ಜೋಮು ಹಿಡಿಯುತ್ತದೆ. ಆದರೆ ತೊಂದರೆ ಇರುವುದು ಕಾಲಿನಲ್ಲಲ್ಲ. ಹೆಚ್ಚಿನವರಲ್ಲಿ ಸೊಂಟದ ಕೆಳಭಾಗದ ಡಿಸ್ಕ್ ಹೊರಚಾಚಿ ನರದ ಬೇರನ್ನು ಕೆರಳಿಸಿರುತ್ತದೆ. ಕಾಲಿಗೆ ಎಷ್ಟು ಎಣ್ಣೆ ತಿಕ್ಕಿದರೂ ಅದು ಅಲ್ಲಿಗೆ ತಲುಪುವುದಿಲ್ಲ.

2. ಹಾಸಿಗೆ ಹಿಡಿಯಬೇಡಿ. ನೋವು ತೀರಾ ಜೋರಾಗಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ಆಮೇಲೆ ಮನೆಯೊಳಗೇ ಆದರೂ ಆಗಾಗ ನಡೆಯಿರಿ. ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ. ಹೊರಬಂದ ಡಿಸ್ಕಿನ ಭಾಗವನ್ನು ದೇಹವೇ ಮೆಲ್ಲಗೆ ಕರಗಿಸುವುದೂ ಉಂಟು.

3. ನೋವಿನ ಜಾಗ ಗಮನಿಸಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರ ಬಳಿ ಬಂದ ರೋಗಿಯೊಬ್ಬ, ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ಹಾಗೇ ಬೋರಲು ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿತ್ತು, ಕಾಲುನೋವು ಮಾಯವಾಗಿತ್ತು! ಮೆಕೆಂಜಿ ವ್ಯಾಯಾಮ ಪದ್ಧತಿ ಹುಟ್ಟಿದ್ದು ಹೀಗೆ. ವ್ಯಾಯಾಮದ ನಂತರ ನೋವು ಪಾದ ಬಿಟ್ಟು ಮಂಡಿಗೆ, ಮಂಡಿ ಬಿಟ್ಟು ಸೊಂಟಕ್ಕೆ ಏರಿದರೆ ಗಾಬರಿ ಬೇಡ. ಸೊಂಟದಲ್ಲಿ ಕೊಂಚ ಹೆಚ್ಚಾದರೂ ಅದು ಒಳ್ಳೆಯ ಲಕ್ಷಣ. ನೋವು ಕೆಳಕ್ಕಿಳಿದರೆ ಆ ವ್ಯಾಯಾಮವನ್ನು ಅಲ್ಲಿಗೇ ನಿಲ್ಲಿಸಿ.

4. ಪಕ್ಕದ ಮನೆಯವರ ವ್ಯಾಯಾಮ ನಿಮಗಲ್ಲ. ವಯಸ್ಸಾದವರಲ್ಲಿ ನರ ಹಾಯುವ ದಾರಿಯೇ ಕಿರಿದಾಗಿದ್ದರೆ ಬೆನ್ನು ಹಿಂದಕ್ಕೆ ಬಗ್ಗಿಸಿದಾಗ ನೋವು ಹೆಚ್ಚುತ್ತದೆ, ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ಯಾವುದು ನಿಮ್ಮದೆಂದು ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಹೇಳಲಿ.

5. ನರವನ್ನು ಎಳೆಯಬೇಡಿ, ಜಾರಿಸಿ. ಕುರ್ಚಿಯಲ್ಲಿ ಕುಳಿತು ಮಂಡಿ ನೀಡುತ್ತಾ ತಲೆ ಎತ್ತಿ. ಮಂಡಿ ಮಡಿಸುತ್ತಾ ಗಲ್ಲ ಇಳಿಸಿ. ನಿಧಾನವಾಗಿ, ಜೋಮು ಹೆಚ್ಚದಷ್ಟೇ.

6. ಕುಳಿತು ಕೆಲಸ ಮಾಡುವಾಗ ಅರ್ಧ ಗಂಟೆಗೊಮ್ಮೆ ಏಳಿ. ಹಿಂದಿನ ಜೇಬಿನ ಪರ್ಸ್ ತೆಗೆದಿಡಿ.

7. ನೋವು ಇಳಿದ ಮೇಲೂ ವ್ಯಾಯಾಮ ಬಿಡಬೇಡಿ. ಹೊಟ್ಟೆ, ಬೆನ್ನು, ಪಿರ್ರೆಯ ಸ್ನಾಯುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಬಹಳಷ್ಟು ಜನ ಕೈಬಿಡುವುದು ಇಲ್ಲೇ.

8. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಗುದದ್ವಾರದ ಸುತ್ತ ಮರಗಟ್ಟಿದರೆ, ಎರಡೂ ಕಾಲು ಸೋತರೆ ಫಿಸಿಯೋಥೆರಪಿಗೆ ಕಾಯಬೇಡಿ. ರಾತ್ರಿಯಾಗಿದ್ದರೂ ಸರಿ, ತಕ್ಷಣ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ನಡೆಯುವಾಗ ಪಾದ ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೂ ಅಂದೇ ವೈದ್ಯರಿಗೆ ತೋರಿಸಿ.