ಡ್ರೋನ್ ಏರುವ ಮುನ್ನ ಪ್ರೊಪೆಲ್ಲರ್ ಪರೀಕ್ಷೆ

ಚನ್ನಗಿರಿಯ ಅಡಿಕೆ ತೋಟಗಳು, ಹೊನ್ನಾಳಿಯ ತುಂಗಭದ್ರಾ ತೀರ, ನ್ಯಾಮತಿ ಹಾಗೂ ಜಗಳೂರಿನ ಹೊಲಗಳ ಮೇಲೆ ಕ್ಯಾಮೆರಾ ಡ್ರೋನ್ ಹಾರಿಸುವ ಉದ್ಯಮಿಗಳು ಮೊದಲು ಪರೀಕ್ಷಿಸಬೇಕಾದುದು ಪ್ರೊಪೆಲ್ಲರುಗಳನ್ನು.

ನಾಲ್ಕು ಮೋಟಾರುಗಳಲ್ಲಿ 2 ಪ್ರದಕ್ಷಿಣವಾಗಿಯೂ 2 ಅಪ್ರದಕ್ಷಿಣವಾಗಿಯೂ ತಿರುಗುತ್ತವೆ. ಮೂಲೆಯಿಂದ ಮೂಲೆಗೆ ಎದುರಾದವು ಒಂದೇ ದಿಕ್ಕಿನವು. ಆದುದರಿಂದ ಗುರುತುಳ್ಳ ಪ್ರೊಪೆಲ್ಲರನ್ನು ಅದೇ ಗುರುತಿನ ಮೋಟಾರಿಗೇ ಜೋಡಿಸತಕ್ಕದ್ದು. ಅದಲುಬದಲಾದರೆ ಆ ಮೂಲೆಯಲ್ಲಿ ಗಾಳಿ ಕೆಳಕ್ಕಲ್ಲದೆ ಮೇಲಕ್ಕೆ ತಳ್ಳಲ್ಪಟ್ಟು, ಡ್ರೋನ್ ಏರುವಾಗಲೇ ಮಗುಚುತ್ತದೆ.

ಜೋಡಿಸುವಾಗ ಬ್ಯಾಟರಿಯನ್ನು ಹೊರತೆಗೆದಿರಬೇಕು. ರೆಕ್ಕೆಯ ಅಂಚನ್ನು ಬೆರಳಿನಿಂದ ಸವರಿ, ಸೀಳು ಅಥವಾ ಬಾಗು ಕಂಡರೆ ಬದಲಿಸಬೇಕು. ಅಂಟು ಹಾಕಿ ಬಳಸುವುದು ಸಲ್ಲದು. ಒಂದು ರೆಕ್ಕೆ ಕೆಟ್ಟರೂ ಅದೇ ಮೋಟಾರಿನ ಎರಡನ್ನೂ ಬದಲಿಸುವುದು ಲೇಸು; ಸಮತೋಲ ತಪ್ಪಿದರೆ ಕಂಪನದಿಂದ ಚಿತ್ರ ಕದಡುತ್ತದೆ. ಅಗ್ಗದ ರೆಕ್ಕೆಯನ್ನು ಉಳಿಸಹೋಗಿ ದುಬಾರಿ ಕ್ಯಾಮೆರಾವನ್ನೂ ಕೆಳಗೆ ನಿಂತವರ ಸುರಕ್ಷತೆಯನ್ನೂ ಪಣಕ್ಕಿಡುವುದು ವ್ಯವಹಾರಜ್ಞಾನವಲ್ಲ.