ಕುರಿಂಜಿ ಹೂವಿನ ರಕ್ಷಣೆ: ಊರಿನ ಸಂಘಗಳಿಗೆ ಒಂದು ಪಾಠ



ಬೆಳೆ ಕಾಯುವುದು ನಮಗೆ ಹೊಸತಲ್ಲ. ಬಿತ್ತಿದ ದಿನದಿಂದ ಕಾಳು ಕಣಜ ಸೇರುವ ತನಕ ದನ, ಹಕ್ಕಿ, ಹಂದಿ, ಕೀಟಗಳಿಂದ ಅದನ್ನು ಕಾಯುತ್ತೇವೆ. ಆದರೆ ಯಾರೂ ಬಿತ್ತದೆ ಗುಡ್ಡದಲ್ಲಿ, ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಹುಟ್ಟುವ ಹೂಗಿಡಗಳನ್ನು ಕಾಯುವವರು ಯಾರು? ಅವುಗಳಿಗೆ ಒಡೆಯನಿಲ್ಲ, ಕಂದಾಯವಿಲ್ಲ, ಮಾರುಕಟ್ಟೆಯೂ ಇಲ್ಲ. ಆದುದರಿಂದಲೇ ಅವು ಕಣ್ಣೆದುರಿನಲ್ಲೇ ಕಡಿಮೆಯಾಗುತ್ತಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ.

ಇಂತಹ ಒಂದು ಕಾಡುಹೂವನ್ನು ಉಳಿಸಲು ನಮ್ಮ ನೆರೆಯ ಕೇರಳ ಮತ್ತು ತಮಿಳುನಾಡಿನ ಬೆಟ್ಟಗಳಲ್ಲಿ ಜನರೇ ಸಂಘ ಕಟ್ಟಿಕೊಂಡು ದುಡಿದಿದ್ದಾರೆ. ಆ ಹೂವೇ ನೀಲಕುರಿಂಜಿ. ಅವರ ಅನುಭವದಿಂದ ನಮ್ಮ ಯುವಕ ಸಂಘಗಳು, ಮಹಿಳಾ ಮಂಡಳಿಗಳು ಕಲಿಯಬೇಕಾದುದು ಬಹಳಷ್ಟಿದೆ.

ಕುರಿಂಜಿ ಎಂಥ ಗಿಡ?

ನಾವು ಬೆಳೆಯುವ ಕನಕಾಂಬರ ಮತ್ತು ಔಷಧಕ್ಕೆ ಬಳಸುವ ಆಡುಸೋಗೆ ಸೇರಿದ ಕುಟುಂಬಕ್ಕೇ ಕುರಿಂಜಿಯೂ ಸೇರಿದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರೋಬಿಲಾಂಥಸ್ ಕುಂಥಿಯಾನ. ಪಶ್ಚಿಮ ಘಟ್ಟಗಳ ಎತ್ತರದ ಹುಲ್ಲುಗಾವಲುಗಳಲ್ಲಿ, ಶೋಲಾ ಕಾಡುಗಳ ಅಂಚಿನಲ್ಲಿ ಇದು ಬೆಳೆಯುತ್ತದೆ. ಸಾಮಾನ್ಯವಾಗಿ ಮೊಣಕಾಲೆತ್ತರದ ಪೊದೆ.

ಇದರ ವಿಶೇಷವೆಂದರೆ ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಹೂ ಬಿಡುವುದು. ಮುನ್ನಾರಿನ ಕಡೆ 1982, 1994, 2006 ಮತ್ತು 2018ರಲ್ಲಿ ಬೆಟ್ಟಕ್ಕೆ ಬೆಟ್ಟವೇ ನೀಲಿಯಾಗಿತ್ತು. ಮುಂದಿನ ಸರದಿ 2030ಕ್ಕೆ. ಪಳನಿ ಬೆಟ್ಟಗಳ ಪಳಿಯರು ತಮ್ಮ ವಯಸ್ಸನ್ನು ಕುರಿಂಜಿ ಎಷ್ಟು ಬಾರಿ ಅರಳಿತೆಂಬುದರಿಂದ ಲೆಕ್ಕ ಹಾಕುತ್ತಿದ್ದರಂತೆ.

ಬಿದಿರು ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗುವುದನ್ನು ಹಿರಿಯರು ಬಲ್ಲರು. ಕುರಿಂಜಿಯದೂ ಅದೇ ಕ್ರಮ. ಬಾಳಿನಲ್ಲಿ ಒಮ್ಮೆ ಹೂ ಬಿಟ್ಟು, ಬೀಜ ಕಟ್ಟಿ, ಗಿಡ ಸಾಯುತ್ತದೆ. ಎಲ್ಲ ಗಿಡಗಳೂ ಒಟ್ಟಿಗೆ ಬೀಜ ಕಟ್ಟುವುದರಿಂದ ಇಲಿ, ಹಕ್ಕಿ, ಹುಳುಗಳು ತಿಂದು ಮುಗಿಸಲಾರದಷ್ಟು ಬೀಜ ಒಂದೇ ಬಾರಿಗೆ ನೆಲಕ್ಕೆ ಬೀಳುತ್ತದೆ ಎಂದು ವಿಜ್ಞಾನಿಗಳು ಇದಕ್ಕೆ ಕಾರಣ ಹೇಳುತ್ತಾರೆ.

ಅಪಾಯದ ಕಾಲ ಯಾವುದು?

ಇಲ್ಲಿಯೇ ಮುಖ್ಯ ಪಾಠವಿದೆ. ಹೂ ಅರಳಿದಾಗ ಎಲ್ಲರೂ ನೋಡಲು ಬರುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ಕಾವಲೂ ಇರುತ್ತದೆ. ಹೂ ಬಾಡಿದ ಮೇಲೆ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಗಿಡಕ್ಕೆ ನಿಜವಾದ ಅಪಾಯ ಆಗಲೇ ಆರಂಭವಾಗುತ್ತದೆ.

ಹೂ ಬರುವುದು ಆಗಸ್ಟ್‌ನಿಂದ ಅಕ್ಟೋಬರ್ ವರೆಗೆ. ಕಾಯಿ ಬಲಿತು ಒಣಗಲು ಮತ್ತೆ ಹಲವು ತಿಂಗಳು ಬೇಕು. ಕನಕಾಂಬರದ ಒಣಕಾಯಿಗೆ ನೀರು ತಾಗಿದರೆ ಚಟ್ಟೆಂದು ಸಿಡಿಯುವುದನ್ನು ಮಕ್ಕಳೂ ಬಲ್ಲರು. ಕುರಿಂಜಿಯ ಕಾಯಿಯೂ ಹಾಗೆಯೇ ಸಿಡಿದು ಬೀಜ ಚೆಲ್ಲುವ ಜಾತಿ. ಅಂದರೆ ಬೇಸಿಗೆಯಲ್ಲಿ ಒಣಗಿದ ಕಡ್ಡಿಗಳ ಮೇಲೆ ಮುಂದಿನ ಪೀಳಿಗೆಯೆಲ್ಲ ಕುಳಿತಿರುತ್ತದೆ. ಗುಡ್ಡಕ್ಕೆ ಬೆಂಕಿ ಬೀಳುವುದೂ ಅದೇ ಕಾಲದಲ್ಲಿ. ಒಣಕಡ್ಡಿಯೆಂದು ಸೌದೆಗೆ ಕಡಿಯುವುದೂ ಅದೇ ಕಾಲದಲ್ಲಿ.

ಪ್ರತಿ ವರ್ಷ ಬೀಜ ಕಟ್ಟುವ ಗಿಡಕ್ಕೆ ಒಂದು ವರ್ಷ ನಷ್ಟವಾದರೆ ಮರುವರ್ಷ ತುಂಬಿಕೊಳ್ಳಬಹುದು. ಕುರಿಂಜಿಗೆ ಆ ಅವಕಾಶವಿಲ್ಲ. ತಾಯಿಗಿಡ ಸತ್ತಿದೆ, ಬೀಜವೂ ಸುಟ್ಟರೆ ಆ ಇಳಿಜಾರಿನಲ್ಲಿ ಅದರ ವಂಶವೇ ನಿಲ್ಲಬಹುದು. ಇನ್ನು ಮೊಳೆತ ಸಸಿ ಹನ್ನೊಂದು ವರ್ಷ ಬರಿಯ ಹಸುರು ಪೊದೆಯಾಗಿರುತ್ತದೆ. ಅದರ ಗುರುತಿಲ್ಲದವರು ಕಳೆಯೆಂದು ಕಿತ್ತುಬಿಡುವುದು ಸಹಜ.

ಜನರೇ ಕಟ್ಟಿದ ಸಂಘ

ಚಹಾ ತೋಟಗಳು, ನೀಲಗಿರಿ ಮತ್ತು ವ್ಯಾಟಲ್ ಮರಗಳ ನೆಡುತೋಪುಗಳು ಹಾಗೂ ಒತ್ತುವರಿಯಿಂದ ಕುರಿಂಜಿಯ ನೆಲ ಕುಗ್ಗುತ್ತ ಬಂತು. ಹುಲ್ಲುಗಾವಲನ್ನು ಬರಡು ನೆಲವೆಂದು ತಿಳಿದು ಮರ ನೆಟ್ಟದ್ದೇ ದೊಡ್ಡ ತಪ್ಪಾಯಿತು. ಬಿಸಿಲು ಬೇಡುವ ಗಿಡ ಮರದ ದಟ್ಟ ನೆರಳಿನಲ್ಲಿ ಉಳಿಯದು.

ಇದನ್ನು ಮನಗಂಡ ಕೆಲವು ನಿಸರ್ಗಪ್ರಿಯರು 1989ರಲ್ಲಿ ಕುರಿಂಜಿ ಉಳಿಸಿ ಆಂದೋಲನ ಸಮಿತಿಯನ್ನು ಆರಂಭಿಸಿದರು. ಕೊಡೈಕೆನಾಲಿನಿಂದ ಮುನ್ನಾರಿನವರೆಗೆ ಬೆಟ್ಟದ ದಾರಿಯಲ್ಲಿ ಕಾಲ್ನಡಿಗೆ ಜಾಥಾ ಕೈಗೊಂಡು, ಗಿಡ ಬೆಳೆಯುವ ನೆಲವನ್ನೇ ರಕ್ಷಿಸಬೇಕೆಂದು ಒತ್ತಾಯಿಸುತ್ತ ಬಂದರು.

ಹೂ ಇಲ್ಲದ ವರ್ಷಗಳಲ್ಲಿಯೂ ಕೆಲಸ ನಿಲ್ಲಿಸದೆ ಇದ್ದುದು ಇವರ ಹಿರಿಮೆ. 1994ರ ಹೂವಿಗೂ 2006ರ ಹೂವಿಗೂ ನಡುವೆ ಹನ್ನೆರಡು ವರ್ಷ. ಅಷ್ಟು ಕಾಲ ನೋಡಲು ಹೂವಿಲ್ಲದ ಗಿಡದ ಪರವಾಗಿ ಮಾತನಾಡುವುದು ಸುಲಭವಲ್ಲ.

ದೊರೆತ ಫಲ, ಉಳಿದ ತೊಡಕು

2006ರಲ್ಲಿ ಕೇರಳ ಸರ್ಕಾರವು ಇಡುಕ್ಕಿ ಜಿಲ್ಲೆಯಲ್ಲಿ ಸುಮಾರು 3,200 ಹೆಕ್ಟೇರ್ ಪ್ರದೇಶವನ್ನು ಕುರಿಂಜಿಮಲ ಅಭಯಾರಣ್ಯವೆಂದು ಘೋಷಿಸಿತು. ಅದೇ ವರ್ಷ ಅಂಚೆ ಇಲಾಖೆ ಕುರಿಂಜಿಯ ಚಿತ್ರವುಳ್ಳ ಅಂಚೆಚೀಟಿ ಹೊರತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ನೀಲಕುರಿಂಜಿಯನ್ನು ರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿಸಲಾಗಿದೆ. ಅರಣ್ಯ ಭೂಮಿಯಿಂದ ಅದನ್ನು ಅನುಮತಿಯಿಲ್ಲದೆ ಕೀಳುವುದು ಈಗ ಅಪರಾಧ.

ಆದರೆ ಎಲ್ಲವೂ ಸುಗಮವಾಗಲಿಲ್ಲ. ಅಭಯಾರಣ್ಯದ ಗಡಿಯೊಳಗೆ ತಮ್ಮ ಜಮೀನು ಸೇರಿದೆಯೆಂದು ಅಲ್ಲಿನ ಸಾಗುವಳಿದಾರರು ತಕರಾರು ಎತ್ತಿದರು. ಯಾವುದು ಪಟ್ಟಾ ಭೂಮಿ, ಯಾವುದು ಸರ್ಕಾರಿ ಭೂಮಿ ಎಂಬ ವಿವಾದ ವರ್ಷಗಟ್ಟಲೆ ಎಳೆಯಿತು. 2018ರಲ್ಲಿ ಹೂ ಮತ್ತೆ ಅರಳಿದಾಗಲೂ ಅದು ಬಗೆಹರಿದಿರಲಿಲ್ಲ. ಹೂವನ್ನು ಉಳಿಸುವವರು, ಉಳುವವರು ಎದುರಾಳಿಗಳಾಗಿ ನಿಂತರೆ ಇಬ್ಬರಿಗೂ ನಷ್ಟ. ಯಾವುದೇ ಊರಿನಲ್ಲಿ ಇಂತಹ ಕೆಲಸಕ್ಕೆ ಕೈ ಹಾಕುವ ಮೊದಲು ಆ ನೆಲದ ಸುತ್ತ ಸಾಗುವಳಿ ಮಾಡುವವರನ್ನು, ದನ ಮೇಯಿಸುವವರನ್ನು ಕೂಡಿಸಿ ಮಾತನಾಡಬೇಕೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ರಾಜ್ಯದಲ್ಲಿ

ಕುರಿಂಜಿಯ ಬಳಗ ದೊಡ್ಡದು. ನಮ್ಮ ದೇಶದಲ್ಲಿ ಇದರ ನೂರಕ್ಕೂ ಹೆಚ್ಚು ಜಾತಿಗಳಿವೆ. ಮಲೆನಾಡಿನಲ್ಲಿ ಈ ಬಳಗದ ಗಿಡಗಳನ್ನು ಗುರ್ಗಿ ಅಥವಾ ಗುರಿಗೆ ಎಂದು ಕರೆಯುವುದುಂಟು. ಘಟ್ಟದ ಉತ್ತರ ಭಾಗದಲ್ಲಿ ಕಾರ್ವಿ ಎಂಬ ಜಾತಿ ಎಂಟು ವರ್ಷಕ್ಕೊಮ್ಮೆ ಅರಳುತ್ತದೆ. ಅದರ ಕಡ್ಡಿಗಳನ್ನು ತಡಿಕೆ ಗೋಡೆ ಕಟ್ಟಲು ಬಳಸುವುದುಂಟು.

2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ ಮತ್ತು 2022ರಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲಿನಲ್ಲಿ ಕುರಿಂಜಿ ಬಳಗದ ಹೂಗಳು ಅರಳಿದ್ದವು. ವಾಹನಗಳ ಸಾಲು ಬೆಟ್ಟ ಹತ್ತಿತು. ಬಂದವರಲ್ಲಿ ಹಲವರು ಗಿಡಗಳ ನಡುವೆ ನುಗ್ಗಿ ಚಿತ್ರ ತೆಗೆಸಿಕೊಂಡರು, ಹೂ ಕಿತ್ತರು. ಮುಂದಿನ ಬಾರಿ ಹೂ ಬರುವಾಗಲಾದರೂ ಆಯಾ ಊರಿನವರು ಮೊದಲೇ ಸಿದ್ಧರಾಗಿರುವುದು ಒಳ್ಳೆಯದು.

ರೈತನಿಗೇನು ಲಾಭ?

ಈ ಪ್ರಶ್ನೆ ನ್ಯಾಯವಾದುದೇ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂವಿನಿಂದ ನೇರ ಆದಾಯ ನಿರೀಕ್ಷಿಸಲಾಗದು. ಆದರೆ ಕುರಿಂಜಿ ಇರುವ ನೆಲ ಉಳಿದರೆ ಅದರೊಂದಿಗೆ ಹುಲ್ಲು, ನೀರಿನ ಒರತೆ, ಇತರ ನೂರಾರು ಹೂಗಿಡಗಳು ಉಳಿಯುತ್ತವೆ. ಘಟ್ಟದ ಹುಲ್ಲುಗಾವಲು, ಶೋಲಾಗಳೇ ಅನೇಕ ಹೊಳೆಗಳ ತಲೆ.

ಜೇನಿನ ವಿಷಯವನ್ನೂ ಗಮನಿಸಬೇಕು. ರೊಬಸ್ಟಾ ಕಾಫಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗವನ್ನು ಗಾಳಿ ಇಲ್ಲವೆ ಕೀಟ ತರಬೇಕು. ಏಲಕ್ಕಿಗೂ ಜೇನ್ನೊಣ ಬೇಕೇ ಬೇಕು. ಕಾಫಿಯ ಹೂವಿದ್ದರೆ ಕೆಲವೇ ದಿನ. ಉಳಿದ ಕಾಲದಲ್ಲಿ ತುಡುವೆ ಜೇನಿಗೂ ಹೆಜ್ಜೇನಿಗೂ ಆಹಾರ ಒದಗಿಸುವುದರಲ್ಲಿ ಕಾಡುಹೂಗಳ ಪಾಲು ದೊಡ್ಡದು. ಬಯಲುಸೀಮೆಯಲ್ಲಿಯೂ ಅಷ್ಟೆ. ಬದುವಿನ ತುಂಬೆ, ತಂಗಡಿ, ಅಣ್ಣೆ ಮೊದಲಾದ ಹೂಗಳು ಬೆಳೆಗೆ ನೆರವಾಗುವ ಕೀಟಗಳಿಗೆ ತಂಗುದಾಣ. ಬದುವಿಗೆಲ್ಲ ಕಳೆನಾಶಕ ಹೊಡೆದರೆ ಆ ತಂಗುದಾಣ ಹೋಯಿತು.

ಸಂಘ ಮಾಡಬಹುದಾದ ಕೆಲಸಗಳು

1. ಹಿರಿಯರೊಂದಿಗೆ ಸುತ್ತಾಟ: ಊರಿನ ದನಗಾಹಿಗಳು, ಜೇನು ಕೀಳುವವರು, ಮದ್ದು ಕೊಡುವ ಅಜ್ಜಿಯರೊಂದಿಗೆ ಗುಡ್ಡ, ಗೋಮಾಳ, ಸೊಪ್ಪಿನ ಬೆಟ್ಟಗಳನ್ನು ಸುತ್ತಬೇಕು. ಯಾವ ಗಿಡ ಎಲ್ಲಿದೆ, ಊರಿನ ಹೆಸರೇನು, ಹಿಂದೆ ಎಷ್ಟಿತ್ತು ಎಂಬುದನ್ನು ಬರೆದುಕೊಳ್ಳಬೇಕು.

2. ಹೂವಿನ ಪಂಚಾಂಗ: ಒಂದು ಪುಸ್ತಕದಲ್ಲಿ ಪ್ರತಿ ಗಿಡದ ಹೂ ಬಂದ ದಿನ, ಕಾಯಿ ಬಲಿತ ದಿನ, ಬೀಜ ಉದುರಿದ ದಿನ ದಾಖಲಿಸಬೇಕು. ಶಾಲೆಯ ಮಕ್ಕಳು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು.

3. ನೆಲದ ಗುರುತು: ಗಿಡಗಳಿರುವ ಜಾಗದ ಸರ್ವೆ ನಂಬರು, ಅದು ಖಾಸಗಿಯೋ ಗೋಮಾಳವೋ ಅರಣ್ಯವೋ ಎಂಬುದನ್ನು ಗ್ರಾಮ ಆಡಳಿತ ಅಧಿಕಾರಿಯಿಂದ, ಅರಣ್ಯ ಸಿಬ್ಬಂದಿಯಿಂದ ಖಚಿತಪಡಿಸಿಕೊಳ್ಳಬೇಕು.

4. ಪಂಚಾಯಿತಿಯ ದಾಖಲೆ: 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸಂಘದ ಪಟ್ಟಿಯನ್ನು ಆ ಸಮಿತಿಗೆ ಕೊಟ್ಟು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಲು ಕೇಳಬೇಕು. ಮುಂದೆ ಆ ಜಾಗಕ್ಕೆ ಕಲ್ಲು ಕ್ವಾರಿ ಬರುವುದಾದರೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

5. ಬೆಂಕಿಯ ಎಚ್ಚರ: ಜನವರಿಯಿಂದ ಮೊದಲ ಮಳೆಯ ತನಕ ಸರದಿಯ ಮೇಲೆ ಗುಡ್ಡದ ಮೇಲೆ ಕಣ್ಣಿಡಬೇಕು. ಬೆಂಕಿ ರೇಖೆ ತೆಗೆಯುವುದನ್ನು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಮಾಡಬೇಕು. ಹೊಸ ಹುಲ್ಲಿಗಾಗಿ ಗುಡ್ಡ ಸುಡುವ ರೂಢಿಯಿದ್ದ ಕಡೆ ದನ ಸಾಕುವವರೊಂದಿಗೆ ಕುಳಿತು, ಬೀಜವಿರುವ ಇಳಿಜಾರನ್ನಾದರೂ ಬಿಡುವಂತೆ ಒಪ್ಪಿಸಬೇಕು.

6. ಹೊರಗಿನ ಕಳೆಗಳ ಹತೋಟಿ: ಲಂಟಾನ, ಯುಪಟೋರಿಯಂ, ಕಾಂಗ್ರೆಸ್ ಹುಲ್ಲು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಕೀಳುವಾಗ ಗುರುತು ಬಲ್ಲವರೊಬ್ಬರು ಜೊತೆಗಿದ್ದರೆ ನಮ್ಮ ಗಿಡಗಳು ಉಳಿಯುತ್ತವೆ.

7. ಹೂವಿನ ಕಾಲದ ವ್ಯವಸ್ಥೆ: ಬರುವವರಿಗೆ ಒಂದೇ ಕಾಲುದಾರಿ ಗೊತ್ತುಪಡಿಸಿ, ವಾಹನಗಳನ್ನು ಕೆಳಗೇ ನಿಲ್ಲಿಸಬೇಕು. ಪಂಚಾಯಿತಿಯ ಮತ್ತು ಇಲಾಖೆಯ ಒಪ್ಪಿಗೆಯಿಂದ ಊರಿನ ಯುವಕರೇ ದಾರಿ ತೋರಿಸುವ ಕೆಲಸ ವಹಿಸಿಕೊಂಡರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ, ಗಿಡಗಳಿಗೂ ಕಾವಲಾಗುತ್ತದೆ.

8. ಬದುವಿನಲ್ಲಿ ಒಂದು ಪಾಲು: ಪ್ರತಿ ಸದಸ್ಯನೂ ತನ್ನ ಹೊಲದ ಒಂದು ಬದುವನ್ನಾದರೂ ಕಳೆನಾಶಕ ಹೊಡೆಯದೆ, ಬೀಜ ಉದುರುವ ತನಕ ಸವರದೆ ಬಿಡಬೇಕು. ಬೀಜ ಉದುರಿದ ಮೇಲೆ ಮೇವಿಗೆ ಕೊಯ್ಯಲು ಅಡ್ಡಿಯಿಲ್ಲ.

ಮಾಡಬಾರದ ಕೆಲಸಗಳು

ಕಾಡಿನಿಂದ ಗಿಡ ಕಿತ್ತು ಮನೆಯಂಗಳದಲ್ಲಿ ನೆಡುವುದು ರಕ್ಷಣೆಯಲ್ಲ. ತನ್ನ ನೆಲ, ಎತ್ತರ, ಹವೆ ಬಿಟ್ಟ ಗಿಡ ಬಹುಮಟ್ಟಿಗೆ ಸಾಯುತ್ತದೆ, ಕಾಡಿನಲ್ಲಿಯೂ ಒಂದು ಕಡಿಮೆಯಾಗುತ್ತದೆ. ಅರಣ್ಯದಿಂದ ಬೀಜವನ್ನೂ ಅನುಮತಿಯಿಲ್ಲದೆ ತರಬಾರದು.

ವನಮಹೋತ್ಸವದ ಹೆಸರಿನಲ್ಲಿ ಬೆಟ್ಟದ ಹುಲ್ಲುಗಾವಲಿನಲ್ಲಿ ಮರ ನೆಡಬಾರದು. ಮರಕ್ಕೆ ಊರಿನ ರಸ್ತೆ, ಕೆರೆಯ ದಂಡೆ, ಹೊಲದಂಚು ಇದೆ. ಹುಲ್ಲುಗಾವಲಿನ ಹೂವಿಗೆ ಬೇರೆ ಜಾಗವಿಲ್ಲ.

ಗೌರಿ ಹೂವಿನ ಗೆಡ್ಡೆಯನ್ನು ವ್ಯಾಪಾರಿಗಳಿಗಾಗಿ ಬೇಲಿಗಳಿಂದ ಅಗೆದು ಮಾರುವುದನ್ನೂ ನಿಲ್ಲಿಸಬೇಕು. ಅದು ವಿಷದ ಗೆಡ್ಡೆ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಅಗತ್ಯ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಇಂತಹ ಸಂಘಗಳು ಹೂವಿನ ವರ್ಷ ಉತ್ಸಾಹದಿಂದ ಹುಟ್ಟಿ ಮರುವರ್ಷ ಮಲಗಿಬಿಡುವ ಸಂಭವ ಹೆಚ್ಚು. ಆದ್ದರಿಂದ ಸಂಘವನ್ನು ಒಂದೇ ಹೂವಿಗೆ ಕಟ್ಟಿಹಾಕದೆ ಜೇನು ಸಾಕಣೆ, ಬದುವಿನ ಮೇವು, ಬೆಂಕಿ ತಡೆ ಮೊದಲಾದ ಪ್ರತಿ ವರ್ಷದ ಕೆಲಸಗಳೊಂದಿಗೆ ಸೇರಿಸಿರಿ. ದಾಖಲೆಯ ಪುಸ್ತಕವನ್ನು ಒಬ್ಬರ ಮನೆಯಲ್ಲಿಡದೆ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇರಿಸಿರಿ. ಇಂದು ಪುಸ್ತಕ ಆರಂಭಿಸುವ ಹುಡುಗ ಮುಂದಿನ ಹೂವಿನ ಹೊತ್ತಿಗೆ ಊರಿನ ಹಿರಿಯರಲ್ಲಿ ಒಬ್ಬನಾಗಿರಬಹುದು.

ಬಿತ್ತನೆ ಬೀಜವನ್ನು ಹಸಿವಿನ ಕಾಲದಲ್ಲಿಯೂ ಕುಟ್ಟಿ ತಿನ್ನದೆ ಉಳಿಸಿಕೊಂಡು ಬಂದವರು ನಮ್ಮ ಹಿರಿಯರು. ಗುಡ್ಡದ ಬೀಜಕ್ಕೂ ಅದೇ ಲೆಕ್ಕ ಸಲ್ಲುತ್ತದೆ. ಹೂ ಅರಳಿದಾಗ ನೋಡಿ ಸಂತೋಷಪಡೋಣ. ಆಮೇಲೆ ಆ ಬೀಜ ನೆಲ ಸೇರಿ ಮೊಳೆಯುವ ತನಕ ಕಾಯೋಣ.