ಅಜ್ಜಿಗೂ ಮೊಮ್ಮಗಳಿಗೂ ತಲುಪುವ ಸುದ್ದಿ

ಪಾಠದ ಉದ್ದೇಶ: ಸಂಘದ ಸೇವಾ ಕೆಲಸಕ್ಕೆ ಎಲ್ಲಾ ವಯಸ್ಸಿನವರ ಬೆಂಬಲ ಪಡೆಯಲು ಮೊಬೈಲನ್ನು ಸರಿಯಾಗಿ ಬಳಸುವುದು.



ನಮ್ಮ ಸಂಘಗಳು ಉಳಿತಾಯ, ಸಾಲಕ್ಕೆ ಮಾತ್ರ ಸೀಮಿತವಲ್ಲ. ಬಡಮಕ್ಕಳಿಗೆ ಪುಸ್ತಕ, ರೋಗಿಗಳಿಗೆ ನೆರವು, ನೆರೆ ಬಂದಾಗ ಅಕ್ಕಿ-ಬಟ್ಟೆ ಹೀಗೆ ಹಲವು ಕೆಲಸ ಮಾಡುತ್ತೇವೆ. ಇದಕ್ಕೆ ಊರವರ ಸಹಕಾರ ಬೇಕೇ ಬೇಕು. ಮೊದಲು ಮನೆಮನೆಗೆ ಹೋಗಿ ಹೇಳುತ್ತಿದ್ದೆವು. ಈಗ “ವಾಟ್ಸಾಪ್‌ಗೆ ಹಾಕಿದ್ದೇವಲ್ಲ, ಎಲ್ಲರಿಗೂ ಗೊತ್ತಾಗಿರುತ್ತೆ” ಅಂತ ಸುಮ್ಮನಾಗುತ್ತೇವೆ. ಆದರೆ ಹಾಕುವುದು ಬೇರೆ, ತಲುಪುವುದು ಬೇರೆ.

1. ಒಂದೇ ವಿಷಯ, ಮೂರು ದಾರಿ

ಶಾಲೆ ಶುರುವಾಗುವ ಮೊದಲು ಬಡಮಕ್ಕಳಿಗೆ ನೋಟ್‌ಪುಸ್ತಕ ಕೊಡಬೇಕು ಎಂದಿಟ್ಟುಕೊಳ್ಳಿ.

ಹಿರಿಯರಿಗೆ: ಸಣ್ಣ ಅಕ್ಷರ ಓದಲು ಕಷ್ಟ. ಕೆಲವರ ಹತ್ತಿರ ಬಟನ್ ಫೋನ್ ಮಾತ್ರ ಇರುತ್ತದೆ. ಇವರಿಗೆ ಫೋನ್ ಮಾಡಿ ಮಾತಾಡಿ, ಇಲ್ಲವೇ ಪರಿಚಯದ ಸದಸ್ಯೆಯ ದನಿಯಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಹಣವನ್ನು ಕೈಯಲ್ಲೇ ಕೊಡಲು ಅವಕಾಶ ಇರಲಿ, ರಸೀದಿ ತಪ್ಪದೆ ಕೊಡಿ.

ನಡುವಯಸ್ಸಿನವರಿಗೆ: ವಾಟ್ಸಾಪ್, ಫೇಸ್‌ಬುಕ್ ನೋಡಲು ಸಮಯ ಸಿಗುವುದು ಮನೆಕೆಲಸ ಮುಗಿದ ಮೇಲೆ. ಎಷ್ಟು ಮಕ್ಕಳು, ಎಷ್ಟು ಪುಸ್ತಕ, ಎಷ್ಟು ಹಣ, ಕೊನೆಯ ದಿನ ಯಾವಾಗ ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ.

ಯುವಜನರಿಗೆ: ಬರೀ ಹಣ ಕೇಳಬೇಡಿ, ಕೆಲಸ ಕೊಡಿ. ಪುಸ್ತಕಕ್ಕೆ ಬೈಂಡ್ ಹಾಕುವುದು, ಹಂಚುವುದು, ಅರ್ಧ ನಿಮಿಷದ ವಿಡಿಯೋ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುವುದು ಇವರಿಗೆ ಸುಲಭ. ತಾವು ಕೈಹಾಕಿದ ಕೆಲಸವನ್ನು ಗೆಳೆಯರಿಗೂ ತಿಳಿಸುತ್ತಾರೆ.

ಇದು ಒಂದು ಅಂದಾಜು ಮಾತ್ರ. ಫೇಸ್‌ಬುಕ್ ನೋಡುವ ಅಜ್ಜಿಯೂ ಇದ್ದಾರೆ, ಫೋನೇ ಇಲ್ಲದ ಹುಡುಗಿಯೂ ಇದ್ದಾಳೆ. ಆದ್ದರಿಂದ ಕೇಳಿ ತಿಳಿಯುವುದೇ ಒಳ್ಳೆಯದು.

2. ಹೆಸರು ಹಿಡಿದು ಕರೆಯಿರಿ

2014ರಲ್ಲಿ ಅಮೆರಿಕದಲ್ಲಿ ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಳ್ಳುವ ‘ಐಸ್ ಬಕೆಟ್ ಚಾಲೆಂಜ್’ ಹಬ್ಬಿತು. ಕೈಕಾಲಿನ ಶಕ್ತಿ ಕುಂದಿಸುವ ಎ.ಎಲ್.ಎಸ್. ಎಂಬ ನರರೋಗದ ಸಂಶೋಧನೆಗೆ ಮತ್ತು ರೋಗಿಗಳ ಆರೈಕೆಗೆ ಹಣ ಕೂಡಿಸಲು ಅದು ನೆರವಾಯಿತು. ಎ.ಎಲ್.ಎಸ್. ಅಸೋಸಿಯೇಶನ್ ಎಂಬ ಸಂಸ್ಥೆಗೆ ಸುಮಾರು 11.5 ಕೋಟಿ ಡಾಲರ್ ಬಂತು. ಗುಟ್ಟೇನು? ನೀರು ಸುರಿದುಕೊಂಡವರು ಮೂವರ ಹೆಸರು ಹೇಳಿ, “24 ಗಂಟೆಯೊಳಗೆ ನೀವೂ ಮಾಡಿ ಅಥವಾ ದಾನ ಕೊಡಿ” ಎಂದು ಕರೆಯುತ್ತಿದ್ದರು. ಹೀಗೆ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಸೇರಿದರು. “ಎಲ್ಲರೂ ಸಹಾಯ ಮಾಡಿ” ಅಂದರೆ ಯಾರೂ ಏಳುವುದಿಲ್ಲ. “ಲಿಲ್ಲಿಬಾಯಿ, ಎರಡು ಪುಸ್ತಕ ನಿಮ್ಮದು” ಅಂದರೆ ಇಲ್ಲ ಅನ್ನೋದು ಕಷ್ಟ!

3. ನೆರವು ಪಡೆಯುವವರ ಮಾನ

ಇದು ಬಹಳ ಮುಖ್ಯ. ಪುಸ್ತಕ ಪಡೆದ ಮಗುವಿನ ಫೋಟೋ ಹಾಕಿದರೆ ಹೆಚ್ಚು ದಾನ ಬರಬಹುದು. ಆದರೆ ಅದೇ ಫೋಟೋವನ್ನು ಅವನ ತರಗತಿಯ ಮಕ್ಕಳೂ ನೋಡುತ್ತಾರೆ. ಒಮ್ಮೆ ಹಂಚಿಹೋದ ಫೋಟೋ ವಾಪಸ್ ಬರುವುದಿಲ್ಲ. ತಾಯಿ-ತಂದೆಯನ್ನು ಕೇಳದೆ ಹಾಕಲೇಬಾರದು. ನೆರವು ಕೊಡುವಾಗಲೇ ಕೇಳಿದರೆ ಬೇಡ ಅನ್ನಲು ಅವರಿಗೆ ಸಂಕೋಚ. ಆದ್ದರಿಂದ ಮುಖದ ಬದಲು ಪುಸ್ತಕದ ರಾಶಿ, ಕೆಲಸ ಮಾಡುವ ಕೈಗಳ ಫೋಟೋ ಹಾಕಿ. ರೋಗಿಗಳ ಕಾಯಿಲೆ, ಹೆಸರು, ವಿಳಾಸವನ್ನೂ ಹೀಗೆಯೇ ಕಾಪಾಡಿ.

4. ಎಚ್ಚರಿಕೆ

• ವಾಟ್ಸಾಪ್ ಗುಂಪಿಗೆ ಸೇರಿಸಿದರೆ ನಂಬರು ಇತರರಿಗೂ ಕಾಣಬಹುದು. ಕೇಳಿಯೇ ಸೇರಿಸಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಸುದ್ದಿ ಹೋಗುತ್ತದೆ.
• ಕ್ಯೂಆರ್ ಕೋಡ್ ಸಂಘದ ಖಾತೆಯದ್ದಾಗಿರಲಿ, ಯಾರೊಬ್ಬರ ಸ್ವಂತದ್ದು ಬೇಡ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿ ಅಂದರೆ ಅದು ಮೋಸ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.
• ವಿದೇಶಿ ಪೌರರಿಂದ ದಾನ ಪಡೆಯಲು ಎಫ್.ಸಿ.ಆರ್.ಎ. ಕಾನೂನಿನ ಅನುಮತಿ ಬೇಕು. ಅಂಥವರು ಮುಂದೆ ಬಂದರೆ ಮೊದಲು ಸಮಾಜ ಸೇವಾ ಸಂಸ್ಥೆಯನ್ನು ವಿಚಾರಿಸಿ.
• ಖಚಿತವಾಗದ್ದನ್ನು ಫಾರ್ವರ್ಡ್ ಮಾಡಬೇಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯಿಂದ ಒಬ್ಬ ನಿರಪರಾಧಿ ಯುವಕನ ಜೀವವೇ ಹೋಯಿತು.

5. ಲೆಕ್ಕ ತಿಳಿಸಿ, ವಂದನೆ ಹೇಳಿ

ಕೆಲಸ ಮುಗಿದ ವಾರದೊಳಗೆ ಬಂದದ್ದೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು ಎಂದು ಮೂರು ದಾರಿಯಲ್ಲೂ ತಿಳಿಸಿ. ಲೆಕ್ಕ ಸಿಕ್ಕಿದವರು ಮುಂದಿನ ಸಲವೂ ಕೊಡುತ್ತಾರೆ.

ಸಭೆಯಲ್ಲಿ ಮಾಡಿ: ಸಂಘಕ್ಕೆ ನೆರವಾಗುವ 20 ಜನರ ಹೆಸರು ಬರೆಯಿರಿ. ಪ್ರತಿಯೊಬ್ಬರ ಮುಂದೆ ಫೋನು, ವಾಟ್ಸಾಪ್, ಇನ್‌ಸ್ಟಾಗ್ರಾಂ, ಮನೆಭೇಟಿ ಇವುಗಳಲ್ಲಿ ಯಾವುದು ಎಂದು ಗುರುತು ಹಾಕಿ. ಯಾರು ಯಾರಿಗೆ ತಿಳಿಸಬೇಕು ಎಂದು ಹಂಚಿಕೊಳ್ಳಿ.

ಚರ್ಚಿಸಿ:
1. ಕಳೆದ ಸಲದ ನಮ್ಮ ಸುದ್ದಿ ಯಾರಿಗೆ ತಲುಪಲಿಲ್ಲ? ಏಕೆ?
2. ನಮ್ಮ ಮಗುವಿನ ಫೋಟೋವನ್ನು ಹೀಗೆ ಹಾಕಿದರೆ ನಮಗೆ ಹೇಗನಿಸುತ್ತದೆ?
3. ಮೊಬೈಲ್ ಕೆಲಸಕ್ಕೆ ನಮ್ಮ ಮನೆಯ ಯಾವ ಮಗಳು, ಸೊಸೆ ನೆರವಾಗಬಲ್ಲಳು?